ಹಗ್ಗ ನಿಲ್ಲುವವರೆಗೆ

ನೆಲದ ಮೇಲಿದ್ದ ನನಗೆ ಗೊತ್ತೇ ಆಗಲಿಲ್ಲ.
ಶಾರ್ಜಾದ ಅಲ್ ನಹ್ದಾದಲ್ಲಿ, ವ್ಯಾನಿನ ಬಾಗಿಲು ತೆರೆದಿಟ್ಟು
ಬೇಳೆಸಾರಿನಲ್ಲಿ ಖುಬೂಸ್ ಅದ್ದಿ ತಿನ್ನುತ್ತಿದ್ದೆ.
ಡಬ್ಬಿಯ ಸಾರು ಅಲುಗಲಿಲ್ಲ.

ಆಮೇಲೆ ಮೆಟ್ಟಿಲ ಬಾಗಿಲಿಂದ ಜನ ಬಂದರು:
ನೈಟಿಯವರು, ಲುಂಗಿಯವರು, ಅರ್ಧ ಗಡ್ಡ ಬೋಳಿಸಿದವರು,
ಪಾಸ್‌ಪೋರ್ಟು ಹಿಡಿದವರು, ಬರಿಗೈಯವರು,
ಗಿಳಿಯ ಪಂಜರ ಎದೆಗವಚಿಕೊಂಡ ಒಬ್ಬ ಹುಡುಗಿ.
ಮೂವತ್ತನಾಲ್ಕರ ಫ್ಲೇವಿಯಾ ಬಾಯಿ ನನ್ನ ತೋಳು ಹಿಡಿದು,
"ಬಿಪಿ ಅಂದ್ಕೊಂಡೆ ಮಾರಾಯ, ಮಾತ್ರೆ ಬೇರೆ ನುಂಗಿದೆ.
ತಲೆ ಎತ್ತಿದ್ರೆ ತೂಗುದೀಪ
ಹೀಗೆ... ಹೀಗೆ..." ಎಂದು ಅಂಗೈ ತೂಗಿದರು.
ಒಂದನೇ ಮಹಡಿಯ ದರ್ಜಿ ನಕ್ಕ:
"ನನ್ನ ಸೂಜಿ ಕೂಡ ತಪ್ಪಲಿಲ್ಲವಲ್ಲ!"

ನಾಲ್ಕೂ ಲಿಫ್ಟು ತಾವಾಗಿ ನಿಂತಿದ್ದವು. ನನ್ನ ಕೆಲಸ ಶುರು.
ಮೂವತ್ತಾರು ಮಹಡಿ ಹತ್ತಿದೆ, ಮೊಣಕಾಲಿನಿಂದ ಎಣಿಸುತ್ತಾ.
ಬಾವಿಗೆ ಟಾರ್ಚು ಬಿಟ್ಟೆ
(ಬಾವಿಯೆಂದೇ ಕರೆಯುತ್ತೇವೆ ನಾವು, ನೀರಿಲ್ಲದಿದ್ದರೂ)
ಉಕ್ಕಿನ ಹಗ್ಗಗಳು ಇನ್ನೂ ಆಡುತ್ತಿದ್ದವು.
ಭೂಮಿ ಮರೆತು ಕಾಲು ಗಂಟೆಯಾಗಿತ್ತು.
ಯಾರೋ ಸೇದಿ ಬಿಟ್ಟು ಹೋದ ಹಾಗೆ
ಗೋಡೆಗೆ ತಗುಲಿಯೂ ತಗುಲದೆ
ಟಕ್.
ಬಹಳ ಹೊತ್ತಿಗೆ ಮತ್ತೊಂದು ಟಕ್.

ನಡುಕ ಹುಟ್ಟಿದ್ದು ಕೊಲ್ಲಿಯಾಚೆ, ಇರಾನಿನ ದಂಡೆಯಲ್ಲಂತೆ.
ನಡುವೆ ಅಷ್ಟು ನೀರು, ಅಷ್ಟು ಹಡಗು, ಈ ಕಡೆ ಅಷ್ಟು ಮರಳು.
ಹತ್ತಿರದ ಗಿಡ್ಡ ಮನೆಗೆ ಗುದ್ದು,
ದೂರದ ಎತ್ತರಕ್ಕೆ ತೊಟ್ಟಿಲು.
ಇಷ್ಟು ಗೊತ್ತು ನನಗೆ, ಹಗ್ಗದವನಿಗೆ.
ಫಾರ್ಮಿನಲ್ಲಿ 'ದೋಷದ ಕಾರಣ' ಎಂಬ ಖಾನೆ.
ಸ್ವಲ್ಪ ಯೋಚಿಸಿ 'ದೂರ' ಎಂದು ಬರೆದು
ಹೊಡೆದುಹಾಕಿದೆ.

ಕೆಳಗೆ ಖೊದಾದಾದನ ಬಕಾಲೆಯಲ್ಲಿ ನೂಕುನುಗ್ಗಲು.
ಬೆದರಿದವರಿಗೆಲ್ಲ ನೀರಡಿಕೆ, ಚಿಪ್ಸು, ಸಿಗರೇಟು.
ಅವನೂ ನನ್ನಂತೆ ನೆಲದವನು, ಏನೂ ಅಲುಗಿರಲಿಲ್ಲ.
ಯಾರೋ ಮೊಬೈಲು ನೋಡಿ ಊರಿನ ಹೆಸರು ಓದಿದ ಮೇಲೆ
ಚಿಲ್ಲರೆ ತಪ್ಪತೊಡಗಿದೆ:
ಐದು ಕೊಟ್ಟವನಿಗೆ ಹತ್ತು ವಾಪಸು,
ಐವತ್ತು ಕೊಟ್ಟವನಿಗೆ ಏನೂ ಇಲ್ಲ.
ಹದಿನೇಳು ಸಲ ಹಚ್ಚಿದ್ದಾನೆ ಹೆಂಡತಿಗೆ.
ಈಗ ಫೋನನ್ನು ತೂಕದ ಯಂತ್ರದ ಮೇಲಿಟ್ಟು
ಈರುಳ್ಳಿ ಆರಿಸುವ ಗಿರಾಕಿಯ ಕೈ ನೋಡುತ್ತಾನೆ.
ನೂರ ತೊಂಬತ್ತು ಗ್ರಾಂ. ಹಸಿರು ಅಂಕಿ. ಕದಲದು.

ನಾನು ಲಬನ್ ಬಾಟಲಿಗೆ ದುಡ್ಡು ಎಣಿಸುವಾಗ
ಅಂಕಿ ನಡುಗಿತು.
ನೂರ ಎಂಬತ್ತೈದು, ಇನ್ನೂರು, ನೂರ ಎಂಬತ್ತು,
ಗುರ್ರೆನ್ನುತ್ತ ತಟ್ಟೆಯ ಮೇಲೆ ತೆವಳುತ್ತಿದೆ ಅದು.
ಸಾಲಿನಲ್ಲಿದ್ದವರೆಲ್ಲ ಸುಮ್ಮನಾದರು.
ಖೊದಾದಾದ್ ಕೈ ಚಾಚಿದ.
ಮುಟ್ಟಲಿಲ್ಲ ಇನ್ನೂ.