ಒಂದು ಮೊಳ

ಗಂಟೆ ಬಾರಿಸದ ಶನಿವಾರ.
ಸಾಲಗಾಮೆ ರಸ್ತೆಯ ಅಡ್ಡಬೀದಿಯಲ್ಲಿ
ಎಲ್ಲರ ಶಟರು ಬಿದ್ದ ಮೇಲೂ
ನನ್ನ ಮಿಷನ್ನೊಂದೇ ಓಡುತ್ತಿತ್ತು.
ಬಲಿಪೀಠಕ್ಕೆ ಹಾಸುವ ಬಿಳಿಬಟ್ಟೆ, ಅಳತೆಗೆ ಸರಿಯಾಗಿ ಐದು ಮೀಟರು.
ಮಾತೆಯರ ಸಂಘದ ತೆರೇಜಮ್ಮ ಎರಡು ಸಲ ಫೋನು ಮಾಡಿ
"ಚೌರಪ್ಪ, ಹತ್ತೂವರೆಗೆ ಜಾಗರಣೆ ಪೂಜೆ,
ಅಂಚು ಸೊಟ್ಟಗಾದರೆ ನೋಡು" ಎಂದಿದ್ದರು.

ಆಗ ಬಂದ ಅವನು.
ಮೈಯೆಲ್ಲ ಈ ಊರಿನದಲ್ಲದ ಮಣ್ಣು,
ಜಲಂಧರದ ಬಿತ್ತನೆ ಆಲೂಗಡ್ಡೆ ಇಳಿಸುವ ಹಮಾಲಿ.
ಹೆಗಲ ಟವೆಲ್ಲು ಕೈಗೆ ಬಂದಿತ್ತು.
"ಅಣ್ಣಾರ, ಬಿಳೀ ಅರಿವಿ ಐತೇನ್ರಿ?"
ನನಗೆ ಅರಿವು ಎಂದು ಕೇಳಿಸಿತು.
ಎಷ್ಟು ಹೊತ್ತಿಗೆ ಬಂದು ಏನು ಕೇಳುತ್ತಾನೆ ಇವನು
ಎಂದು ಸಿಡುಕಿ, ಕಾಲು ನಿಲ್ಲಿಸದೆ ತುಳಿದೆ.
"ಅರಿವಿರೀ… ಕೂಸಿಗೆ. ದೊಡ್ಡಾಸ್ಪತ್ರೆದಾಗ ಐತಿ.
ಭಾಳ ಬ್ಯಾಡ್ರಿ. ಒಂದ ಮೊಳ ಸಾಕ್ರಿ."

ಒಂದು ಮೊಳ.
ನಲವತ್ತು ವರ್ಷ ಕತ್ತರಿ ಹಿಡಿದವನು ನಾನು,
ಒಂದು ಮೊಳದಲ್ಲಿ ಏನೇನಾಗುತ್ತದೆ, ಬಲ್ಲೆ:
ಜುಬ್ಬದ ತೋಳು, ದಿಂಬಿನ ಒಂದು ಮಗ್ಗುಲು.
ಹೆಸರು ಕೇಳಿದೆ. ದೇವಿಂದ್ರಪ್ಪ, ಶಹಾಪುರದ ಕಡೆ.
ಕೂಸಿನ ಹೆಸರು ಕೇಳಿದೆ.
"ಇನ್ನಾ ಇಟ್ಟಿರ್ಲಿಲ್ರಿ" ಎಂದ.

ನಾನು ಒಳ್ಳೆಯವನೆಂದು ಇದನ್ನು ಹೇಳುತ್ತಿಲ್ಲ.
ಮೊದಲು ಹುಡುಕಿದ್ದು ಚೂರುಗಳ ಡಬ್ಬ,
ಪಂಚೆಯದೋ ಲೈನಿಂಗಿನದೋ ತುಂಡು ಏನಾದರೂ.
ಹಳದಿ ಸಿಕ್ಕಿತು. ಯೂನಿಫಾರಮ್ಮಿನ ನೀಲಿ ಸಿಕ್ಕಿತು.
ಆರೋಗ್ಯಮ್ಮ ಒಳಗಿನಿಂದ ಬಂದಳು, ಮಾತಾಡಲಿಲ್ಲ,
ಪೀಠದ ಬಟ್ಟೆಯ ತುದಿ ಎತ್ತಿ ನನ್ನ ಕೈಗಿಟ್ಟಳು.

ಕತ್ತರಿಸಿದೆ. ಮೊಳವಲ್ಲ, ಒಂದೂವರೆ.
ಮಣ್ಣಿಗೆ ಹೋಗುವ ಬಟ್ಟೆಗೆ ಅಂಚು ಹೊಲಿಯುವವರುಂಟೆ?
ಹೊಲಿದೆ, ನಾಲ್ಕೂ ಕಡೆ.
ಎಳೆ ಬಿಟ್ಟುಕೊಂಡ ಬಟ್ಟೆ ಕಳಿಸಿ ನನಗೆ ಅಭ್ಯಾಸವಿಲ್ಲ.
ಅವನು ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದ
ಸೂಜಿ ಏರಿ ಇಳಿಯುವುದನ್ನು ನೋಡುತ್ತ.

"ಎಷ್ಟಾತ್ರಿ?"
ಬಾಯಿ ತನ್ನಷ್ಟಕ್ಕೆ ಹೇಳಿತು: ಮೂವತ್ತು.
ಹತ್ತರ ಮೂರು ನೋಟು ಎಣಿಸಿ ಇಟ್ಟ.
ತಗೊಂಡೆ.
ಜೊತೆಗೆ ಹೋಗಲೂ ಇಲ್ಲ. ಬಟ್ಟೆ ಮುಗಿಸಬೇಕಿತ್ತು.

ಬೆಳಗಿನ ಪೂಜೆಯಲ್ಲಿ ಫಾದರ್ ಓದುತ್ತಿದ್ದರು,
ಬರಿದಾದ ಸಮಾಧಿ, ಬಿದ್ದಿದ್ದ ನಾರುಮಡಿ.
ಪೀಠದ ಎಡಗಡೆ ಬಟ್ಟೆ ಇಳಿಯದೆ ಮರ ಕಾಣುತ್ತಿತ್ತು.
ತೆರೇಜಮ್ಮ ಕತ್ತು ತಿರುಗಿಸಿ ನನ್ನನ್ನೇ ನೋಡಿದರು.
ಅಳತೆ ತಪ್ಪಿತು ಎಂದೆ ಆಮೇಲೆ.
ಸುಳ್ಳು, ಅದೂ ಹಬ್ಬದ ದಿನವೇ.

ತಲೆಯಲ್ಲಿ ಬೇರೇನೋ ಓಡುತ್ತಿತ್ತು.
ಅರಿಮಥಾಯದ ಜೋಸೆಫ ನಾರುಮಡಿ ಕೊಂಡು ತಂದನಂತೆ.
ಕೊಂಡು ತಂದ ಎಂದ ಮೇಲೆ
ಮಾರಿದವನೊಬ್ಬ ಇರಬೇಕಲ್ಲ.
ಅವನ ಹೆಸರು ಯಾರೂ ಬರೆದಿಲ್ಲ.
ಎಷ್ಟು ಹೇಳಿದನೋ, ಚೌಕಾಸಿ ಆಯಿತೋ,
ಯಾರಿಗೆ ಎಂದು ಆಮೇಲೆ ತಿಳಿದಾಗ
ಆ ದುಡ್ಡನ್ನು ಏನು ಮಾಡಿದನೋ.

ನನ್ನದು ಬಾಬಿನ್ನಿನ ಡಬ್ಬಿಯಲ್ಲಿದೆ.
ಕಾಣಿಕೆ ಚೀಲಕ್ಕೆ ಹಾಕಲು ಕೈ ಬರಲಿಲ್ಲ.

ಸಂಜೆ ಎಪಿಎಂಸಿ ಯಾರ್ಡಿಗೆ ಹೋದೆ.
"ಯಾವ ದೇವಿಂದ್ರಪ್ಪ? ಮೂರು ಮಂದಿ ಅದಾರ."
ಮೂವರೂ ಬಂದು ನಿಂತರು. ಯಾರೂ ಅವನಲ್ಲ.
ಮೂವರ ಹೆಗಲೂ ಒಂದೇ ಥರ ಕಿತ್ತುಹೋಗಿತ್ತು
ಗೋಣಿ ಉಜ್ಜಿ ಉಜ್ಜಿ.

ಈಗ ಚೂರುಗಳ ಡಬ್ಬ ಖಾಲಿಯಾಗುತ್ತಿದೆ.
ಹಳದಿಗೆ ನೀಲಿ ಕೂಡಿಸಿ, ಒಳಗೆ ಹತ್ತಿ ತುಂಬಿ
ಹೆಗಲಿಗೊಂದು ಒತ್ತು.
ಲೋಡು ಬಂದ ರಾತ್ರಿಗಳಲ್ಲಿ ಒಯ್ದು ಕೊಡುತ್ತೇನೆ.
ಎಷ್ಟಾತ್ರಿ ಎಂದು ಅವರು ಕೇಳಿದಾಗೆಲ್ಲ
ನಾಲಿಗೆ ಈಗಲೂ ಒಂದು ಕ್ಷಣ ಏಳುತ್ತದೆ.