ತೂಕದ ಬಟ್ಟುಗಳೊಡನೆ ಅಲಬಾಮಾ

ಸರ್ಕಾರದ ಬಿಳಿ ಲಾರಿ. ಹಿಂದೆ ಇಪ್ಪತ್ತು ಬಟ್ಟು,
ಒಂದೊಂದೂ ಐವತ್ತು ಪೌಂಡು, ಬೀಡುಕಬ್ಬಿಣ.
ಮಾಂಟ್ಗಮರಿಯಲ್ಲಿ ವರ್ಷಕ್ಕೊಮ್ಮೆ ಅವನ್ನೂ ತೂಗಿ
ನಿಜವೆಂದು ಬರೆದುಕೊಡುತ್ತಾರೆ.
ನನ್ನನ್ನು ಯಾರೂ ತೂಗಿಲ್ಲ:
ಲೂವಿನಿಯಾ ಟಾರ್ವರ್, ಐವತ್ತೆಂಟು, ಎಡ ಮಂಡಿ ನೋವು.

ಡೋತನ್ನಿನಲ್ಲಿ ಕಡಲೆಕಾಯಿ, ಮಣ್ಣಿನ ಸಮೇತ.
ಮಣ್ಣಿಗೂ ನಾನೇ ದುಡ್ಡು ಕೊಡಬೇಕೆ? ಕೊಳ್ಳುವವನ ತಕರಾರು.
ಮಣ್ಣು ಬಿಟ್ಟು ಆಕಾಶದಲ್ಲಿ ಬೆಳೆಯಲೆ? ಬೆಳೆದವನ ಉತ್ತರ.
ಇಬ್ಬರ ನಡುವೆ ನಾನು,
ಯಾವ ಕಡೆಗೂ ವಾಲಬಾರದ ಮುಳ್ಳು.

ಗ್ರೀನ್ಸ್‌ಬರೊದ ಕೊಳದಿಂದ ಎತ್ತಿದ ಮೀನು
ತೂಕಕ್ಕೆ ನಿಲ್ಲುವುದಿಲ್ಲ.
ಮೀಸೆ ಅಲ್ಲಾಡಿಸುತ್ತ ಅಂಕಿಯನ್ನೂ ಅಲ್ಲಾಡಿಸುತ್ತದೆ.
ಕಾಯಬೇಕು. ಅದು ಸುಮ್ಮನಾಗುವ ಹೊತ್ತು
ನೋಡಲು ಅಷ್ಟೇನೂ ಚೆನ್ನಾಗಿರುವುದಿಲ್ಲ.

ಸಮುದ್ರದ ಅಂಚಿಗೆ, ಬಾಯೂ ಲಾ ಬ್ಯಾಟ್ರೆಯಲ್ಲಿ,
ಸೀಗಡಿ ಮಾರುವ ಕ್ವಿನ್ ಪ್ರತಿ ವರ್ಷ ಅದೇ ಪ್ರಶ್ನೆ ಕೇಳುತ್ತಾಳೆ:
ಮಂಜುಗಡ್ಡೆ ಕರಗುವ ಮೊದಲಿನ ತೂಕವೋ,
ಕರಗಿದ ಮೇಲಿನದೋ?
ದೋಣಿಯಲ್ಲಿ ದೇಶ ದಾಟಿದವರ ಮಗಳು.
ಅವಳ ಪ್ರಶ್ನೆಗೆ ನಿಯಮದ ಪುಸ್ತಕದಲ್ಲಿ ಉತ್ತರವಿದೆ.
ಓದಿ ಹೇಳುತ್ತೇನೆ. ಅವಳು ನಗುತ್ತಾಳೆ.

ಸೆಲ್ಮಾಕ್ಕೆ ಎಲ್ಲರೂ ಸೇತುವೆ ನೋಡಲು ಬರುತ್ತಾರೆ.
ನಾನು ಸೇತುವೆ ಇಳಿದು ಮಾಂಸದಂಗಡಿಗೆ ಹೋಗುತ್ತೇನೆ.
ಅಲ್ಲಿ ಹಳೆಯದೊಂದು ಪಾಪ ಇನ್ನೂ ಬದುಕಿದೆ:
ಹೆಬ್ಬೆರಳು.

ಪೈನ್ ಬ್ರಾಂಚ್ ನನ್ನ ಪಟ್ಟಿಯಲ್ಲಿ ಇರಲಿಲ್ಲ.
ಅಲ್ಲಿನ ಹತ್ತಿ ಜಿನ್ನು ಈಗ ಮದುವೆ ಛತ್ರ.
ಬಂಡಿಗಳನ್ನು ತೂಗುತ್ತಿದ್ದ ಹಲಗೆಯ ಮೇಲೆ
ಮದುಮಗಳನ್ನು ನಿಲ್ಲಿಸಿ ಫೋಟೊ ತೆಗೆಯುತ್ತಾರೆ.
ಅದು ಅಲಂಕಾರಕ್ಕಷ್ಟೇ ಮೇಡಂ, ಎಂದ ಮಾಲೀಕ,
ಕಾನೂನು ಇದಕ್ಕಿಲ್ಲ.
ಗೊತ್ತು, ಎಂದೆ. ಲಾರಿಯ ಬಾಗಿಲು ತೆಗೆದೆ.

ಎಜೆಲ್ ಅಜ್ಜ ಸಾಯುವತನಕ ಹೇಳುತ್ತಿದ್ದ:
ಆ ತಕ್ಕಡಿ ಹತ್ತಿ ತಿನ್ನುತ್ತದೆ ಮಗಾ.
ಹೊಲದಲ್ಲಿ ಸಾವಿರವಾದದ್ದು
ಅಲ್ಲಿ ಒಂಬೈನೂರು.
ಉಳಿದ ನೂರಕ್ಕಾಗಿ ಅವನು ಪ್ರತಿ ಚಳಿಗಾಲ ಸಾಲ ಮಾಡಿದ,
ಬೂಟು, ಹಿಟ್ಟು, ಅಮ್ಮನ ಕೆಮ್ಮಿನ ಔಷಧಿ.
ನಾನು ಈ ಕೆಲಸಕ್ಕೆ ಸೇರಿದ್ದು ಯಾಕೆಂದು
ಯಾರೂ ಕೇಳಲಿಲ್ಲ. ಅರ್ಜಿಯಲ್ಲಿ ಆ ಸಾಲೂ ಇರಲಿಲ್ಲ.

ಮದುಮಗನ ಗೆಳೆಯರು ಕೋಟು ಕಳಚಿ ಕೈ ಜೋಡಿಸಿದರು.
ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು.
ಒಳಗಿನ ಕೋಣೆಗೆ ಹೋಗಿ ಹಿತ್ತಾಳೆ ದಂಡದ ಗುಂಡು ಸರಿಸಿದೆ,
ಒಂದೊಂದೇ ಗೀರು.
ಒಂದು ಸಾವಿರ.
ದಂಡ ಒಮ್ಮೆ ತೂಗಾಡಿ
ನಡುಮಟ್ಟದಲ್ಲಿ ನಿಂತಿತು.

ಮತ್ತೆ ಮಾಡಿದೆ. ಮೂಲೆಯಿಂದ ಮೂಲೆಗೆ ಬಟ್ಟು ಬದಲಿಸಿ ಮಾಡಿದೆ.
ಸಾವಿರಕ್ಕೆ ಸಾವಿರ.
ಎಷ್ಟು ಒಳ್ಳೆಯ ತಕ್ಕಡಿ!

ಆಗ ಕಂಡಿತು: ದಂಡದ ಅಂಕಿಗಳ ಮುಖ ಒಳಗಡೆಗೆ,
ಕುರ್ಚಿಯಲ್ಲಿ ಕೂತವನಿಗೆ ಮಾತ್ರ.
ಹೊರಗೆ ಬಂಡಿಯ ಮೇಲೆ ನಿಂತವನಿಗೆ ಒಂದು ಕಿಟಕಿ,
ಕಿಟಕಿಯಿಂದ ಬಂದ ದನಿ.

ಮೂವತ್ತೊಂದು ವರ್ಷ ಕಬ್ಬಿಣವನ್ನು ಅನುಮಾನಿಸಿದೆ.
ಅದು ಪಾಪ, ಹೇಳಬೇಕಾದದ್ದನ್ನು ಹೇಳುತ್ತಲೇ ಇತ್ತು.

ಬೂಟಿನ ಹುಡುಗರು ಬಟ್ಟುಗಳನ್ನು ಲಾರಿಗೆ ಏರಿಸಿದರು.
ಯಾರೋ ಕಾಗದದ ತಟ್ಟೆಯಲ್ಲಿ ಕೇಕ್ ತಂದರು, ಪೀಕನ್ ಹಾಕಿದ್ದು,
ಎಷ್ಟಿತ್ತೋ ಏನೋ.
ನಿಂತೇ ತಿಂದೆ.

ಡೆಮೊಪೊಲಿಸ್ ಇನ್ನೂ ನಲವತ್ತು ಮೈಲಿ.
ತಿರುವಿನಲ್ಲೆಲ್ಲ ಹಿಂದೆ ಒಂದು ಬಟ್ಟು ಜಾರಿ
ಖಣ್ಣೆನ್ನುತ್ತಿತ್ತು.
ಕಟ್ಟಿ ಬಿಗಿಯಲು ನಿಲ್ಲಿಸಲಿಲ್ಲ.