ಬೋಳು ವೃತ್ತ

ವೇಲ್ಸಿನ ಪೋರ್ತ್ ಹೆಲಿಗ್, ಭಾನುವಾರ.
ಗೋಣಿಬಟ್ಟೆಯ ಪುಟ್ಟ ಚೀಲಕ್ಕೆ
ಒಂದು ಹಿಡಿ ಮರಳು, ಐವತ್ತು ಬೀಜ.
ಕೈಗವಸು ತೆಗೆದಿಟ್ಟು ಎಣಿಸಿ ಎಣಿಸಿ
ಬೆರಳು ಮರಗಟ್ಟಿವೆ.
ರಾಗಿಗಿಂತ ದಪ್ಪ, ಜೋಳಕ್ಕಿಂತ ಸಣ್ಣ
ಈ ಕಡಲಹುಲ್ಲಿನ ಬೀಜ.

ಇದ್ವಾಲ್ ದೂರ ನಿಂತಿರುತ್ತಿದ್ದ, ಕೈಕಟ್ಟಿ.
ನಲವತ್ತು ವರ್ಷ ಏಡಿ ಹಿಡಿದವನು.
'ನೀರೊಳಗೆ ಬೇಸಾಯವೇ?' ಎಂದು
ಮೊದಲ ವಾರ ನಕ್ಕಿದ್ದ.
ಮರುವಾರ ನಗಲಿಲ್ಲ.
ಮುಳುಗಿ ಬಂದ ನೆರಿಸ್ ತೋರಿದ ಚಿತ್ರದಲ್ಲಿ
ಹಸಿರಿನ ನಡುವೆ ಒಂದು ಬೋಳು ವೃತ್ತ:
ಅವನ ದೋಣಿಯ ಲಂಗರು ಸರಪಳಿ
ಉಬ್ಬರಕ್ಕೊಮ್ಮೆ ಇಳಿತಕ್ಕೊಮ್ಮೆ
ಸುತ್ತಿ ಸುತ್ತಿ ಕೆರೆದ ನೆಲ.

ಗಾಣದೆತ್ತಿನ ಜಾಡು, ಎಂದೆ
ಕನ್ನಡದಲ್ಲಿ, ನನಗೆ ನಾನೇ.

ಇವತ್ತು ಆ ಸರಪಳಿ ದಂಡೆಯ ಮೇಲಿದೆ,
ತುಕ್ಕು, ಚಿಪ್ಪು, ಒಂದೆಳೆ ಹುಲ್ಲು
ಇನ್ನೂ ಕೊಂಡಿಗೆ ಸುತ್ತಿಕೊಂಡೇ.
ಯಾರೂ ಅದರ ಮಾತೆತ್ತಲಿಲ್ಲ,
ಅವನೂ.

ಬಂದು ಪಕ್ಕದಲ್ಲಿ ಕುಳಿತ.
ಕನ್ನಡಕ ಏರಿಸಿದ.
ನಾನು ಕಟ್ಟಿಟ್ಟ ಚೀಲವೊಂದನ್ನು ಬಿಚ್ಚಿ
ಅಂಗೈಗೆ ಸುರಿದು, ಮರಳು ಸರಿಸಿ,
ತುಟಿಯಾಡಿಸುತ್ತ ಎಣಿಸಿದ.

ನಲವತ್ತೊಂಬತ್ತು.
ಒಂದು ಕಡಿಮೆ, ಎಂದ.